ನಾನು ಕತ್ತರಿಸಿದ ಹಸಿರು ಖಣ

ನನ್ನ ಬಟ್ಟೆ ಲೆಕ್ಕದ ಪುಸ್ತಕದಲ್ಲಿ ಐದು ಕಾಲಮ್ಮುಗಳಿವೆ: ಸಂಖ್ಯೆ, ಬಣ್ಣ, ಬಟ್ಟೆಯ ಜಾತಿ, ಕೊಟ್ಟ ಮನೆ, ಯಾವ ಕೌದಿಗೆ ಹೋಯಿತು. ಯಾವುದೇ ಕಾಲಮ್ಮು ಖಾಲಿ ಇರುವ ಬಟ್ಟೆಗೆ ಕತ್ತರಿ ಹಾಕಬಾರದು ಎಂಬ ನಿಯಮ ಮಾಡಿದವಳು ನಾನು. 143ನೆಯ ಸಾಲಿನಲ್ಲಿ, ಕೊಟ್ಟ ಮನೆಯ ಕೆಳಗೆ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಆ ನಿಯಮ ಮುರಿದವಳೂ ನಾನೇ.

ಕೆಲಸ ಹದಿನೆಂಟು ಕೌದಿಗಳದ್ದು. ಕಾಡಂಚಿನ ಒಂದು ಅತಿಥಿಗೃಹದ ಮೇಲ್ವಿಚಾರಕಿ ಕೇಳಿದ್ದರು. ನಲವತ್ತೈದು ದಿನ, ಹದಿನೈದು ದಿನಕ್ಕೆ ಆರರಂತೆ ಮೂರು ಕಂತು. ಗೋಪನಕೊಪ್ಪದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅಲ್ಲಿಯವರೆಗೆ ನಾವು ಒಂದೋ ಎರಡೋ ಕೌದಿ ಹೊಲಿದು ಪರಿಚಯದವರಿಗೆ ಕೊಡುತ್ತಿದ್ದೆವು. ಇದು ನಮ್ಮ ಮೊದಲ ದೊಡ್ಡ ಕೆಲಸ. ಇದು ಕೆಟ್ಟರೆ ಎರಡನೆಯದು ಬರುವುದಿಲ್ಲ ಎಂದು ಮೊದಲ ದಿನವೇ ಪುಸ್ತಕದ ಒಳರಟ್ಟಿನ ಮೇಲೆ ಬರೆದಿದ್ದೆ.

ಬಟ್ಟೆಗೆ ಕೊರತೆ ಇರಲಿಲ್ಲ. ದಸರೆ, ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಪ್ರತಿ ಮನೆಯ ಟ್ರಂಕಿನಲ್ಲೂ ಉಡಿ ತುಂಬಿದಾಗ ಮಡಿಲಿಗೆ ಅಕ್ಕಿ, ಕೊಬ್ಬರಿಯ ಜೊತೆ ಬಂದ ಜಂಪರ್ ಪೀಸುಗಳು, ಅಂದರೆ ರವಿಕೆಯ ಬಟ್ಟೆಗಳು, ಇರುತ್ತವೆ. ಯಾರೂ ಅವನ್ನು ಹೊಲಿಸಿಕೊಳ್ಳುವುದಿಲ್ಲ; ಇವರ ಉಡಿಯಿಂದ ಅವರ ಉಡಿಗೆ, ಅವರಿಂದ ಇನ್ನೊಬ್ಬರಿಗೆ ತಿರುಗುತ್ತಲೇ ಇರುತ್ತವೆ. ನಾನು ಚೀಲ ಹಿಡಿದು ಓಣಿ ಓಣಿ ಸುತ್ತಿ ಕೇಳಿ ತಂದೆ. ಮೊದಲ ವಾರ ನೂರಾ ಹದಿನೆಂಟು ಬಂದವು. ಒಗೆದು, ಇಸ್ತ್ರಿ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ ಚುಚ್ಚಿದೆ. ಎಂಟು ಬಟ್ಟೆ ಒಂದರ ಮೇಲೊಂದು ಹಾಸಿ, ಪಿನ್ನು ಹಾಕಿ, ಏಳು ಇಂಚಿನ ಚೌಕಗಳಾಗಿ ಕತ್ತರಿಸುವುದು, ಚೌಕಗಳನ್ನು ಮಷೀನಿನಲ್ಲಿ ಜೋಡಿಸಿ ಮೇಲಿನ ಹಾಸು ಮಾಡುವುದು ನನ್ನ ಪಾಲು. ಒಳಗೆ ಎರಡು ಹಳೆಯ ನೂಲಿನ ಸೀರೆ ಇಟ್ಟು, ಅಂಚಿನಿಂದ ನಡುವಿನ ಕಡೆಗೆ, ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ಕೈಹೊಲಿಗೆ ಹಾಕುವುದು ಐವರು ಹೆಂಗಸರ ಪಾಲು.

ಐವರಲ್ಲಿ ಮೂವರು ಪಕ್ಕದ ಓಣಿಯ ಸೊಸೆಯಂದಿರು. ನಾಲ್ಕನೆಯವರು ಆಯಿ, ಎಪ್ಪತ್ತು ದಾಟಿದವರು, ಬಾಯಲ್ಲಿ ಸದಾ ಅಡಿಕೆ. ಐದನೆಯವರನ್ನು ನಾನು ಅಕ್ಕ ಎನ್ನುತ್ತೇನೆ. ಮೂವತ್ತೈದರ ಹತ್ತಿರದ ವಯಸ್ಸು, ಉಪ್ಪಿನಬೆಟಗೇರಿಯ ಕಡೆಯವರು. ಗಂಡ ಕಾಯಿಲೆಯಿಂದ ತೀರಿಕೊಂಡು ಆರು ವರ್ಷ. ಒಬ್ಬಳೇ ಮಗಳು, ಒಂಬತ್ತನೆಯ ಇಯತ್ತೆ. ನಾನು ದಿನಾ ಪ್ರತಿಯೊಬ್ಬರ ಕೌದಿಯ ಮೇಲೆ ಗೇಣು ಹಚ್ಚಿ ಹೊಲಿಗೆ ಎಣಿಸುತ್ತಿದ್ದೆ. ಆಯಿಯದು ಗೇಣಿಗೆ ಇಪ್ಪತ್ತೆರಡು, ಸೊಸೆಯಂದಿರದು ಇಪ್ಪತ್ತೈದರಿಂದ ಇಪ್ಪತ್ತೆಂಟು, ಅಕ್ಕನದು ಮೂವತ್ತನಾಲ್ಕು. ಯಾವ ದಿನ ಎಣಿಸಿದರೂ ಮೂವತ್ತನಾಲ್ಕು.

"ಈ ಹುಡುಗಿ ನಾವು ಸತ್ತ ಮ್ಯಾಲ ಹಲ್ಲೂ ಎಣಿಸ್ತಾಳ" ಎಂದು ಆಯಿ ನಗುತ್ತಿದ್ದರು.

"ನಿಮ್ಮ ಹಲ್ಲು ಎಣಿಸಾಕ ಏನೈತ್ರೀ ಆಯಿ, ಒಂದ ಕೈ ಬೆರಳು ಸಾಕು" ಎಂದು ಸೊಸೆಯಂದಿರಲ್ಲಿ ಒಬ್ಬಳು.

ಕೌದಿ ಮುಗಿದಾಗ ಕೊನೆಯ ಮೂಲೆ ಮುಚ್ಚುವ ಮೊದಲು ಅದರ ಹೊಟ್ಟೆಗೆ ಏನಾದರೂ ಹಾಕಬೇಕು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ಆಯಿಯ ಮಾತು. ಅವರ ಕಾಲದಲ್ಲಿ ರೊಟ್ಟಿಯ ಚೂರು ಇಡುತ್ತಿದ್ದರಂತೆ. ಇರುವೆ ಬರುತ್ತವೆ ಎಂದು ನಾನು ತಕರಾರು ಮಾಡಿದೆ. ಕೊನೆಗೆ ಐದು ಕಾಳು ಅಕ್ಕಿಗೆ ಇಬ್ಬರೂ ಒಪ್ಪಿದೆವು.

ಒಂಬತ್ತನೆಯ ದಿನ ಮಂಗಳವಾರ. ಮಧ್ಯಾಹ್ನ. ಉಳಿದವರು ಮಾಳಿಗೆಯ ಮೇಲೆ ಬುತ್ತಿ ಬಿಚ್ಚಿದ್ದರು. ಅಕ್ಕ ಮಗಳ ಶಾಲೆಯ ಪಾಲಕರ ಸಭೆಗೆ ಹೋಗಿದ್ದರು. ನಾನು ಮಷೀನಿನ ಮುಂದೆ ಒಬ್ಬಳೇ ಇದ್ದಾಗ ಗಿರಣಿ ಬಾಯಾರು ಬಂದರು. ಎರಡು ಓಣಿ ಆಚೆ ಅವರ ತಮ್ಮನ ಹಿಟ್ಟಿನ ಗಿರಣಿ ಇದೆ. ತಮ್ಮನ ಹೆಂಡತಿ ತೀರಿಕೊಂಡು ಮೂರು ವರ್ಷ; ಮನೆ ನೋಡಿಕೊಳ್ಳುವವರು ಇವರೇ.

"ಅಕೀ ಇಲ್ಲೇನವಾ?"

"ಸಾಲಿಗೆ ಹೋಗ್ಯಾರ್ರೀ ಬಾಯಾರ. ಕುಂದರ್ರಿ, ಬರ್ತಾರ."

"ಇಲ್ಲದ್ದು ಛಲೋನ ಆತು. ಎದುರಿಗೆ ಕೊಟ್ರ ನನ್ನ ಮಾರಿ ನೋಡಿ ಹೂಂ ಅನ್ನಬೇಕಾಕ್ಕೈತಿ." ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. "ಇದರಾಗ ಖಣ ಐತಿ. ನನ್ನ ತಮ್ಮಗ ಅಕೀ ಒಪ್ಪಿಗಿ. ಅಕೀಗೂ ಒಪ್ಪಿಗಿ ಇದ್ರ ಇಟ್ಕೊಂಡು ಜಂಪರ ಹೊಲಕೋಲಿ. ಇಲ್ಲಂದ್ರ ಎಂಟು ದಿನದಾಗ ಹಿಂಗ ಮಡಿಚಿ ವಾಪಸ್ ಕಳಸ್ಲಿ. ಯಾರೂ ಬಾಯಿ ಬಿಚ್ಚಿ ಮಾತಾಡೋ ತ್ರಾಸು ಬ್ಯಾಡ."

ಹಿರಿಯರು ಮರುಮದುವೆಗೆ ಉಡಿಕಿ ಎನ್ನುತ್ತಾರೆ. ಅದರಲ್ಲಿ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು, ಶಿರಾ ಇರುವುದಿಲ್ಲ. ಬಾಯಾರ ಮನೆತನದಲ್ಲಿ ಹೀಗೆ ಖಣ ಕಳಿಸಿ ಕೇಳುವ ರೂಢಿ. ಇಟ್ಟುಕೊಂಡರೆ ಹೂಂ, ಇದ್ದ ಹಾಗೆ ಮರಳಿದರೆ ಒಲ್ಲೆ. ಮರಳಿದ ಮೇಲೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಬೀದಿಯಲ್ಲಿ ಎದುರಾದರೆ ಮೊದಲಿನಂತೆಯೇ ಮಾತಾಡುತ್ತಾರೆ. ಇದು ಎಷ್ಟು ಮರ್ಯಾದೆಯ ಪದ್ಧತಿ ಎಂದು ನನಗೆ ಅಂದೇ ಅನ್ನಿಸಿತು.

ಅಕ್ಕ ಮೂರು ಗಂಟೆಗೆ ಬಂದರು. ನಾನು ಪೊಟ್ಟಣ ಮುಂದೆ ಹಿಡಿದು ಬಾಯಾರ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಪೊಟ್ಟಣ ಮುಟ್ಟಲಿಲ್ಲ.

"ಇಲ್ಲೇ ಕಪಾಟಿನ್ಯಾಗ ಇಡು ತಂಗಿ. ಮನಿಗೆ ಒಯ್ದ್ರ ಇಟ್ಕೊಂಡಂಗ ಆಕ್ಕೈತಿ. ಮನಸ್ಸು ಗಟ್ಟಿ ಆದಮ್ಯಾಲ ಬಿಚ್ಚಿ ನೋಡ್ತೀನಿ."

ಹೊಸದಾಗಿ ಬಂದ ಬಟ್ಟೆಗಳಿದ್ದ ಮೇಲಿನ ಖಾನೆಯಲ್ಲಿ ಇಟ್ಟೆ. ಅವರು ಸೂಜಿ ಎತ್ತಿಕೊಂಡು ಕುಳಿತರು. ಸಂಜೆ ಎಣಿಸಿದಾಗ ಗೇಣಿಗೆ ಇಪ್ಪತ್ತೊಂಬತ್ತು. ಮರುದಿನ ಇಪ್ಪತ್ತೇಳು. ಗುರುವಾರ ಮೂವತ್ತೊಂದು. ನಾನು ಅವನ್ನು ಬರೆದುಕೊಂಡೆ, ಏನೂ ಕೇಳಲಿಲ್ಲ. ಕೇಳದಿದ್ದರೂ ವಿಷಯ ಕೋಣೆಗೆಲ್ಲ ತಿಳಿಯಿತು; ಪೊಟ್ಟಣ ಕಪಾಟಿನಲ್ಲಿದೆ ಎಂಬುದು ಮಾತ್ರ ಉಳಿದವರಿಗೆ ಗೊತ್ತಿರಲಿಲ್ಲ. ಅಕ್ಕ ನೀರಿಗೆ ಹೋದಾಗ ಸೊಸೆಯಂದಿರು ಮತ ಹಾಕಿದರು: ಹೂಂ ಎನ್ನುತ್ತಾರೆ, ಮೂರು. ನಾನೂ ಒಳಗೊಳಗೇ ಅದಕ್ಕೇ ಸೇರಿದೆ. ಗಿರಣಿಯವರು ಒಳ್ಳೆಯ ಮನುಷ್ಯ. ಅಕ್ಕ ಹಿಟ್ಟಿಗೆ ಹೋದರೆ ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ, ಮಗಳ ಓದಿನ ಬಗ್ಗೆ ವಿಚಾರಿಸುತ್ತಿದ್ದರು. ಆಯಿಯನ್ನು ಕೇಳಿದರೆ "ಎರಡೂ ಬರಕೋ" ಎಂದರು.

ಹನ್ನೆರಡನೆಯ ದಿನ ಶುಕ್ರವಾರ. ವಾರದಲ್ಲಿ ಬಂದ ಹೊಸ ಬಟ್ಟೆಗಳಿಗೆ ಸಂಖ್ಯೆ ಹಾಕುವ ದಿನ. ಕಪಾಟಿನ ಮೇಲಿನ ಖಾನೆಯಿಂದ ಬಟ್ಟೆ ಇಳಿಸಿ, ಒಂದೊಂದಾಗಿ ಬರೆಯುತ್ತ ಹೋದೆ. 143: ಹಸಿರು, ಕೆಂಪಂಚು, ಗುಳೇದಗುಡ್ಡದ ಖಣ. ಯಾವ ಮನೆಯದು ಎಂದು ನೆನಪಾಗಲಿಲ್ಲ. ಇಷ್ಟು ಒಳ್ಳೆಯ ಖಣ ಯಾರು ಕೊಟ್ಟರಪ್ಪ ಎಂದು ಖುಷಿಪಟ್ಟೆ. ಸಂಜೆಯೊಳಗೆ ಕೇಳಿ ತಿಳಿದುಕೊಂಡರಾಯಿತು ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಸಂಜೆಯೊಳಗೆ ಕತ್ತರಿಸಿಯೂ ಆಗಿತ್ತು. ಹನ್ನೆರಡು ಚೌಕ, ಎರಡು ಅಂಚಿನ ಪಟ್ಟಿ.

ಸೋಮವಾರ, ಹದಿನೈದನೆಯ ದಿನ, ಮೊದಲ ಆರು ಕೌದಿ ಕಳಿಸಿದೆವು. ಮಂಗಳವಾರ ಸಂಜೆ ಚಪ್ಪಲಿ ಮೆಟ್ಟುತ್ತ ಅಕ್ಕ ಹೇಳಿದರು:

"ನಾಳೆಗೆ ಎಂಟು ದಿನ ತಂಗಿ. ಆ ಪೊಟ್ಟಣ ಬೆಳಿಗ್ಗೆ ಕೊಡು, ನೋಡಿಬಿಡ್ತೀನಿ."

ಅವರು ಮೆಟ್ಟಿಲಿಳಿದ ಮೇಲೆ ಮೇಲಿನ ಖಾನೆಯಲ್ಲಿ ಕೈಯಾಡಿಸಿದೆ. ಕಾಗದ ಸಿಕ್ಕಿತು. ಅದರೊಳಗೆ ಒಂದು ಅರಿಷಿಣದ ಕೊಂಬು ಇತ್ತು. ಖಣ ಇರಲಿಲ್ಲ. ಆಯಿ ಇನ್ನೂ ಗೋಡೆಗೆ ಒರಗಿ ಕುಳಿತಿದ್ದರು.

"ಆಯಿ, ಈ ಪೊಟ್ಟಣ ಯಾರು ಬಿಚ್ಚಿದ್ರಿ?"

"ನಾನ ಬಿಚ್ಚಿದ್ನವ್ವಾ. ಗುರುವಾರ. ನನ್ನ ಸಂಚಿನ್ಯಾಗ ಅಡಿಕಿ ತೀರಿತ್ತು. ಅದರಾಗ ಒಂದು ಬೆಟ್ಟಡಿಕಿ ಇತ್ತು, ತಗೊಂಡೆ. ಭಾಳ ರುಚಿ ಇತ್ತು ನೋಡು." ನನ್ನ ಮುಖ ನೋಡಿ, "ಬಟ್ಟಿ ಮಡಿಚಿ ಅಲ್ಲೇ ಮ್ಯಾಲ ಇಟ್ಟಿದ್ನಲ್ಲ. ಯಾಕ, ಯಾರದದು?"

ನಾನು ಹೇಳಿದೆ. ಆಯಿ ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದರು.

"ಅಂದ್ರ ನಾ ಅಕೀ ಲಗ್ನದ ಅಡಿಕಿ ತಿಂದೆ?"

"ನಾ ಅಕೀ ಖಣ ಕತ್ತರಿಸೀನಿ ಆಯಿ."

ಪುಸ್ತಕ ತೆರೆದೆ. ಪ್ರತಿ ಕೌದಿಗೂ ಚೌಕಟ್ಟಿನ ಹಾಳೆಯಲ್ಲಿ ಯಾವ ಚೌಕದಲ್ಲಿ ಯಾವ ಸಂಖ್ಯೆ ಎಂದು ಬರೆದಿಡುತ್ತೇನೆ. 143ರ ಏಳು ಚೌಕ ಒಂಬತ್ತನೆಯ ಕೌದಿಗೆ, ನಾಲ್ಕು ಚೌಕ ಮತ್ತು ಎರಡೂ ಪಟ್ಟಿ ಹತ್ತನೆಯದಕ್ಕೆ ಹೋಗಿದ್ದವು. ಒಂದು ಚೌಕ ಆರನೆಯದಕ್ಕೆ: ಅದರ ಒಂದು ತುಂಡಿಗೆ ಮಷೀನಿನ ಎಣ್ಣೆ ತಾಗಿತ್ತೆಂದು ಶನಿವಾರ ಬದಲಾಯಿಸಿದ್ದೆ. ಆರನೆಯದು ಹಿಂದಿನ ದಿನವೇ ಊರು ಬಿಟ್ಟಿತ್ತು.

ಏನು ಹಾಳಾಗಿದೆ ಎಂಬುದು ಪುಸ್ತಕ ಮುಚ್ಚಿದ ಮೇಲೆ ಸರಿಯಾಗಿ ಹೊಳೆಯಿತು. ಹೋದದ್ದು ಬರೀ ಬಟ್ಟೆ ಆಗಿರಲಿಲ್ಲ. ಖಣ ಇದ್ದ ಹಾಗೆ ಮರಳದಿದ್ದರೆ ಇಟ್ಟುಕೊಂಡರು ಎಂದೇ ಅರ್ಥ. ಕತ್ತರಿ ಬಿದ್ದ ಖಣ ಎಂದರೆ ಜಂಪರ ಹೊಲಿಯಲು ಕೊಟ್ಟ ಖಣ. ಅಕ್ಕನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿರಲಿಲ್ಲ. ಅವರು ಹೇಳುವ ಮೊದಲೇ ನಾನು ಅವರ ಪರವಾಗಿ ಹೂಂ ಎಂದುಬಿಟ್ಟಿದ್ದೆ.

ಬುಧವಾರ, ಹದಿನೇಳನೆಯ ದಿನ, ಅಂಗಡಿ ತೆರೆಯುವ ಹೊತ್ತಿಗೆ ಹುಬ್ಬಳ್ಳಿಯ ಪೇಟೆಯಲ್ಲಿದ್ದೆ. ಹತ್ತನೆಯ ಕೌದಿಯ ಹಾಸು ಕೈಚೀಲದಲ್ಲಿತ್ತು. ಮೂರು ಅಂಗಡಿ ಸುತ್ತಿದೆ. ಮೂರನೆಯದರಲ್ಲಿ ಅದೇ ಹಸಿರು, ಅದೇ ಕೆಂಪಂಚು ಸಿಕ್ಕಿತು. ಪಕ್ಕದಲ್ಲಿಟ್ಟು ನೋಡಿದೆ. ನಡುವಿನ ಬುಟ್ಟಾ ಒಂದು ಎಳೆ ಸಣ್ಣದಿತ್ತು. ಅಂಗಡಿಯವರು, "ಇಷ್ಟು ಫರಕು ಯಾರ ಕಣ್ಣಿಗೂ ಬೀಳೂದಿಲ್ಲ ಬಿಡ್ರಿ" ಎಂದರು. ಕೊಂಡೆ. ಒಂದು ಬೆಟ್ಟಡಿಕೆಯನ್ನೂ ಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ದಿನದ ಪುಟದಲ್ಲಿ ಇದೆ.

ಹಿಂದಿರುಗಿದಾಗ ಹತ್ತೂವರೆ. ಸೊಸೆಯಂದಿರು ಇನ್ನೂ ಬಂದಿರಲಿಲ್ಲ. ಆಯಿ ನನ್ನ ಚೀಲ ನೋಡಿ ಮುಖ ಆಚೆ ತಿರುಗಿಸಿದರು. ಅಕ್ಕ ಕಿಟಕಿಯ ಕೆಳಗೆ ಕುಳಿತು ಹೊಲಿಯುತ್ತಿದ್ದರು. ಹಳೆಯ ಕಾಗದದಲ್ಲಿ ಹೊಸ ಖಣ ಇಟ್ಟು, ಅರಿಷಿಣ, ಅಡಿಕೆ ಇಟ್ಟು ನಾನು ಮಡಿಚತೊಡಗಿದೆ. ಆಗ ಅವರ ತೊಡೆಯ ಮೇಲಿನ ಕೌದಿ ಕಣ್ಣಿಗೆ ಬಿತ್ತು. ಒಂಬತ್ತನೆಯದು. ಮೊದಲ ಕಂತಿನ ತಮ್ಮ ಪಾಲನ್ನು ಎಲ್ಲರಿಗಿಂತ ಬೇಗ ಮುಗಿಸಿ, ಭಾನುವಾರವೇ ಇದನ್ನು ಹಿಡಿದಿದ್ದರು. ಅವರ ಸೂಜಿ ಹಸಿರು ಚೌಕದ ಮೇಲೆಯೇ ಓಡುತ್ತಿತ್ತು. ತಮಗೆ ಬಂದ ಖಣದ ಮೇಲೆ, ತಾವು ಇನ್ನೂ ನೋಡಿರದ ಖಣದ ಮೇಲೆ, ಮೂರು ದಿನದಿಂದ ಅವರೇ ಹೊಲಿಗೆ ಹಾಕುತ್ತಿದ್ದರು.

ಪೊಟ್ಟಣ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ: ಖಾನೆ, ಸಂಖ್ಯೆ, ಕತ್ತರಿ, ಪೇಟೆ, ಹೊಸ ಖಣ. ಆಯಿ ನಡುವೆ ಬಾಯಿ ಹಾಕಿ, "ಅಡಿಕಿ ನಾ ತಿಂದೀನಿ, ಅದನ್ನ ಅಕೀ ಮ್ಯಾಲ ಹಾಕಬ್ಯಾಡ" ಎಂದರು.

ಅಕ್ಕ ಸೂಜಿ ನಿಲ್ಲಿಸಿದರು. ಹೊಸ ಖಣ ಬಿಚ್ಚಿ ನೋಡಿದರು, ತೊಡೆಯ ಮೇಲಿನ ಚೌಕ ನೋಡಿದರು.

"ಇದನ್ನ ಕೊಟ್ಟಿದ್ರ ನನಗ ಗೊತ್ತ ಆಗ್ತಿದ್ದಿಲ್ಲ."

"ಹೌದ್ರೀ ಅಕ್ಕ."

"ಹೆಂಗ ಕೊಡ್ತಿದ್ದಿ? ಕೈ ಬರ್ತಿತ್ತು?"

"ಬರಲಿಲ್ರಿ."

ಅವರು ದಾರ ಕಡಿದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. "ನಂದು ಹದಿನೇಳಕ್ಕ ಲಗ್ನ ಆತು ತಂಗಿ. ಸಾಲಿಯಿಂದ ಮನಿಗೆ ಬಂದೆ, ಹತ್ತು ಮಂದಿ ಹೆಂಗಸರು ಕುಂತಿದ್ರು. ಕೈಕಾಲು ತೊಳಕೊಂಡು ಬಾ ಅಂದ್ರು, ಮಣಿ ಮ್ಯಾಲ ಕುಂದ್ರಿಸಿದ್ರು, ಉಡಿ ತುಂಬಿದ್ರು. ಯಾರದೋ ಕಾರ್ಯಕ್ಕ ನನ್ನ ಕುಮಾರಿ ಲೆಕ್ಕಕ್ಕ ಕರದಾರ ಅಂದ್ಕೊಂಡೆ. ಉಡಿ ತುಂಬಿದ ಮ್ಯಾಲ ಗೊತ್ತಾತು, ನಂದ ಕಾರ್ಯ ಅಂತ. ಅಂವ ಕೆಟ್ಟಾಂವ ಅಲ್ಲ. ಖರೇ ಹೇಳ್ತೀನಿ, ಛಲೋನ ನೋಡಿಕೊಂಡ. ಆದ್ರ ಯಾರೂ ನನ್ನ ಕೇಳಿದ್ದಿಲ್ಲ. ಈ ಬಾಯಾರು ಕೇಳ್ಯಾರ. ಎಂಟು ದಿನ ಕೊಟ್ಟು ಕೇಳ್ಯಾರ. ಈ ಎಂಟು ದಿನ ನಾ ಹೆಂಗ ಇದ್ದೆ ಗೊತ್ತೇನು ನಿನಗ? ನನ್ನ ಮನಸ್ಸಿನ್ಯಾಗ ಏನೈತಿ ಅಂತ ನಾನ ಮೊದಲ ಸಲ ಹೊಕ್ಕು ನೋಡಿದೆ."

ನಾನು ಕಣ್ಣೊರೆಸಿಕೊಂಡೆ.

"ಅಳಬ್ಯಾಡ. ಕತ್ತರಿಸಿದ್ದು ನೀ, ಬಿಚ್ಚೂದೂ ನೀನ. ಅದ ಖಣ ತಿರುಗಿ ಜೋಡಿಸೂಣು, ನಾನೂ ಕೂಡತೀನಿ. ಮೊದಲು ಹೋಗಿ ಬಾಯಾರಿಗೆ ಇನ್ನ ನಾಕು ದಿನ ಬೇಕಂತ ಹೇಳಿ ಬಾ. ಕಾರಣ ನಾ ಹೇಳ್ತೀನಿ, ಆಮ್ಯಾಲ."

ಗಿರಣಿಗೆ ಹೋದೆ. ಬಾಯಾರು ನನ್ನ ಮಾತು ಕೇಳಿ ಮುಗುಳ್ನಕ್ಕರು. "ತಡ ಆದ್ರ ಆಗ್ಲೇಳವ್ವಾ. ವಿಚಾರ ಮಾಡಾಕತ್ತಾಳ ಅಂದ್ರ ಛಲೋನ." ಆ ನಗು ನನ್ನ ಬೆನ್ನಿಗೆ ಅಂಟಿಕೊಂಡು ಮನೆಯವರೆಗೂ ಬಂತು.

ಇನ್ನೊಂದು ಫೋನು ಮಾಡಬೇಕಿತ್ತು. ಒಂಬತ್ತು, ಹತ್ತು ಎರಡನ್ನೂ ಬಿಚ್ಚಿ ಬೇರೆ ಚೌಕ ಹಾಕಿ ಮತ್ತೆ ಹೊಲಿಯಲು ಐದು ದಿನ ಹೆಚ್ಚು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದೆ. ಅತಿಥಿಗೃಹದ ಮೇಲ್ವಿಚಾರಕಿಗೆ ನಡೆದದ್ದನ್ನು ಹೆಸರು ಬಿಟ್ಟು ಹೇಳಿದೆ. ಆರನೆಯ ಕೌದಿಯನ್ನು ಮರಳಿ ಕಳಿಸಲು ಆಗುತ್ತದೆಯೇ ಎಂದು ಕೇಳಲೂ ತಯಾರಾಗಿದ್ದೆ. ಪಕ್ಕದಲ್ಲಿದ್ದ ಅಕ್ಕ ಕೈಸನ್ನೆ ಮಾಡಿ ಬೇಡ ಎಂದರು: "ಹೋದದ್ದು ಹೋಗ್ಲಿ." ಮೇಲ್ವಿಚಾರಕಿ, "ಆರು ದಿನ ತಗೊಳ್ಳಿ. ಆದರೆ ಏಳನೆಯದು ಕೇಳಬೇಡಿ" ಎಂದರು. ನಾನು ಐದು ಕೇಳಿದ್ದೆ. ಅವರು ಕೊಟ್ಟ ಆ ಒಂದು ಹೆಚ್ಚಿನ ದಿನವನ್ನು ಮರೆತಿಲ್ಲ.

ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ಹತ್ತನೆಯ ಕೌದಿಗೆ ಇನ್ನೂ ಕೈಹೊಲಿಗೆ ಬಿದ್ದಿರಲಿಲ್ಲ. ಮಷೀನಿನ ಜೋಡಣೆ ಮಾತ್ರ. ನಾಲ್ಕು ಚೌಕ, ಎರಡು ಪಟ್ಟಿ ಮಧ್ಯಾಹ್ನದೊಳಗೆ ಬಂದವು. ಒಂಬತ್ತನೆಯದರಲ್ಲಿ ಏಳರ ಪೈಕಿ ಐದರ ಮೇಲೆ ಅಕ್ಕನ ಹೊಲಿಗೆ ಇತ್ತು. ಒಂದೊಂದು ಚೌಕದಲ್ಲಿ ಸುಮಾರು ಇನ್ನೂರೈವತ್ತು ಹೊಲಿಗೆ. ಎಳೆದರೆ ಖಣದ ಎಳೆ ಕೀಳುತ್ತದೆ. ಆದ್ದರಿಂದ ನಾಲ್ಕು ಹೊಲಿಗೆಗೆ ಒಮ್ಮೆ ದಾರ ಕಡಿದು, ಸೂಜಿಯ ಹಿಂಬದಿಯಿಂದ ಒಂದೊಂದೇ ತುಂಡು ಎತ್ತಬೇಕು. ಗುರುವಾರ ಎರಡು ಚೌಕ ಬಿಚ್ಚಿದೆವು, ಶುಕ್ರವಾರ ಮೂರು. ಒಂದು ಚೌಕವನ್ನು ಅವಸರದಲ್ಲಿ ನಾನೇ ಹರಿದೆ, ಉಗುರಿನಷ್ಟು. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು, ಬಯ್ಯಲಿಲ್ಲ.

ಬಿಚ್ಚಿದ ಚೌಕಗಳ ತುಂಬ ಸೂಜಿಯ ತೂತು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಿಡಿದು, ಬಿಸಿ ಇರುವಾಗಲೇ ಉಗುರಿನಿಂದ ಎಳೆಗಳನ್ನು ಒಂದಕ್ಕೊಂದು ತಳ್ಳಿದರೆ ತೂತು ಕೂಡಿಕೊಳ್ಳುತ್ತದೆ ಎಂದು ಆಯಿ ತೋರಿಸಿದರು. ಆ ಮೂರು ದಿನ ಅವರು ಅಡಿಕೆ ಮುಟ್ಟಲಿಲ್ಲ. ಅದನ್ನೂ ಬರೆದಿದ್ದೇನೆ: ಆಯಿ, ಅಡಿಕೆ, ಸೊನ್ನೆ, ಸೊನ್ನೆ, ಸೊನ್ನೆ.

ಶನಿವಾರ ಜೋಡಣೆ. ಮಷೀನು ಬೇಡ ಎಂದರು ಅಕ್ಕ. ಹನ್ನೊಂದು ಚೌಕಗಳನ್ನು ಮೊದಲಿದ್ದ ಕ್ರಮದಲ್ಲಿ ಚಾಪೆಯ ಮೇಲೆ ಹರಡಿದರು. ಮೂರನೆಯ ಸಾಲಿನಲ್ಲಿ ಒಂದು ಜಾಗ ಖಾಲಿ. ಹೊಸ ಖಣದಿಂದ ಕತ್ತರಿಸಿ ಕೊಡಲೇ ಎಂದೆ. ತಲೆಯಾಡಿಸಿ, ಚೂರುಗಳ ಬುಟ್ಟಿಯಲ್ಲಿ ಕೈಯಾಡಿಸಿ ತಮ್ಮ ಮಗಳ ಹಳೆಯ ಶಾಲಾ ಲಂಗದ ನೀಲಿ ತುಂಡು ತೆಗೆದರು. ಖಣದ ದಪ್ಪಕ್ಕೆ ಹೊಂದುವ ಬಟ್ಟೆ ಅದೊಂದೇ ಎಂದರು. ಆ ತುಂಡನ್ನು ನಾನು ಒಂದು ವಾರದ ಹಿಂದೆ, ತೆಳ್ಳಗಿದೆ ಎಂದು ಬುಟ್ಟಿಗೆ ಹಾಕಿದ್ದೆ.

ಅವರು ಜೋಡಿಸುತ್ತಿದ್ದಂತೆ ನನಗೆ ಇನ್ನೊಂದು ಲೆಕ್ಕ ಹೊಳೆಯಿತು. ಪ್ರತಿ ಜೋಡಣೆಗೆ ಎರಡೂ ಬದಿಯಿಂದ ಕಾಲು ಕಾಲು ಇಂಚು ಒಳಗೆ ಹೋಗುತ್ತದೆ. ಟೇಪು ಹಿಡಿದೆ. ಖಣ ಅಡ್ಡಕ್ಕೂ ಉದ್ದಕ್ಕೂ ಸಣ್ಣದಾಗಿತ್ತು. ಜಂಪರಕ್ಕೆ ಸಾಲುವುದಿಲ್ಲ.

"ಅಕ್ಕ," ಎಂದೆ, "ಮೊದಲ ನಿಮ್ಮ ಒಲ್ಲೆ ಕತ್ತರಿಸಿದೆ. ಈಗ ನಿಮ್ಮ ಹೂಂನೂ ಹೊಲಿದು ಮುಗಿಸಿದಂಗ ಆತು. ಇದರಾಗ ಜಂಪರ ಬರೂದಿಲ್ರಿ."

ಅವರು ಗಟ್ಟಿಯಾಗಿ ನಕ್ಕರು. ಹನ್ನೊಂದು ದಿನದಲ್ಲಿ ಅವರು ಹಾಗೆ ನಕ್ಕಿರಲಿಲ್ಲ. "ಹೂಂ ಅನ್ನಾಕ ಜಂಪರ ಬೇಕೇನ? ಬಾಯಿ ಐತೆಲ್ಲ ನನಗ. ಮಾತಾಡೋ ತ್ರಾಸು ಬ್ಯಾಡ ಅಂದ್ರು ಬಾಯಾರು. ನನಗ ಆ ತ್ರಾಸು ಬೇಕಾಗೇತಿ."

ಹೂಂ ಎಂದೇ ಅರ್ಥ ಮಾಡಿಕೊಂಡೆ. ಸೊಸೆಯಂದಿರೂ ಕಣ್ಣಲ್ಲೇ ಹಾಗೆ ಮಾತಾಡಿಕೊಂಡರು. ಸಂಜೆ ಅವರ ಜೋಡಣೆಯ ಮೇಲೆ ಗೇಣು ಹಚ್ಚಿದೆ. ಮೂವತ್ತನಾಲ್ಕು.

ಭಾನುವಾರ, ಇಪ್ಪತ್ತೊಂದನೆಯ ದಿನ, ಬೆಳಿಗ್ಗೆ ನಾವಿಬ್ಬರೂ ಹೋದೆವು. ಗಿರಣಿ ನಡೆಯುತ್ತಿತ್ತು, ಓಣಿಯ ತಿರುವಿನಿಂದಲೇ ಅದರ ಸದ್ದು ಕೇಳುತ್ತಿತ್ತು. ನಮ್ಮನ್ನು ನೋಡಿದ್ದೇ ತಡ ನಿಂತಿತು. ಮೈ ತುಂಬ ಹಿಟ್ಟು ಹೊತ್ತ ಗಿರಣಿಯವರು ಕೈ ಒರೆಸಿಕೊಳ್ಳುತ್ತ ಒಂದು ಕ್ಷಣ ನಿಂತು, ಬರ್ರಿ ಎಂಬಂತೆ ತಲೆಯಾಡಿಸಿ, ಮತ್ತೆ ಹಿಟ್ಟಿನ ಡಬ್ಬಿಗಳ ನಡುವೆ ಸರಿದರು. ಬಾಯಾರು ಹಿಂದಿನ ಮನೆಯಲ್ಲಿ ಚಾಪೆ ಹಾಸ್ಯಾರ, ಚಹಾ ಇಟ್ಟಾರ ಎಂದು ಯಾರೋ ಒಳಗಿನಿಂದ ಕೂಗಿದರು.

ಕುಳಿತ ಕೂಡಲೇ ನಾನು ನನ್ನ ತಪ್ಪು ಹೇಳಿಕೊಂಡೆ. ಬಾಯಾರು ಬಾಯಿ ತೆರೆದು ಕೇಳಿದರು. ಅಡಿಕೆಯ ಮಾತು ಬಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನನ್ನ ಮಾತು ಮುಗಿದ ಮೇಲೆ ಅಕ್ಕ ಮಡಿಚಿದ ಖಣವನ್ನು ಚಾಪೆಯ ಮೇಲೆ ಇಟ್ಟು ಮುಂದೆ ಸರಿಸಿದರು.

"ಬಾಯಾರ, ನೀವು ಕೇಳಿದ್ರಿ. ಎಂಟು ದಿನ ಕೊಟ್ಟು ಕೇಳಿದ್ರಿ. ನನ್ನ ಜನ್ಮದಾಗ ಯಾರೂ ಹಿಂಗ ಕೇಳಿದ್ದಿಲ್ಲ. ನಿಮ್ಮ ತಮ್ಮಾರ ಬಗ್ಗೆ ಒಂದು ಕೆಟ್ಟ ಮಾತು ಹೇಳಾಕ ನನ್ನ ಹತ್ರ ಇಲ್ಲ. ಆದ್ರ ನಾ ಒಲ್ಲೆರಿ."

ಹೊರಗೆ ಗಿರಣಿ ಇನ್ನೂ ನಿಂತೇ ಇತ್ತು.

"ಯಾಕವ್ವಾ? ನಿನ್ನ ಮಗಳು ಒಲ್ಲೆ ಅಂದಳೇನ?"

"ಅಕೀ ಹೂಂ ಅಂದಾಳ್ರಿ. ನಿನ್ನಿ ಕೇಳೀನಿ. ನಾನ ಒಲ್ಲೆ. ಈಗ ನಾ ಮುಂಜಾನೆ ಎದ್ದು ಯಾರ ಮಾರಿನೂ ನೋಡದ ಒಂದು ಕಪ್ ಚಾ ಕುಡಿತೀನಿ. ಸಂಜಿಗೆ ಹೊಲಿಗಿ ಮುಗಿಸಿ ಮಗಳ ಮುಂದ ಕುಂತು ಅಕೀ ಓದೂದು ಕೇಳ್ತೀನಿ. ಇಷ್ಟ ನೋಡ್ರಿ. ಇದನ್ನ ಬಿಟ್ಟು ಕೊಡಾಕ ಮನಸ್ಸು ಬರವಲ್ದು."

ಬಾಯಾರು ಖಣ ಬಿಚ್ಚಿದರು. ಮೇಲೆ ಕೆಳಗೆ ಮಾಡಿ ನೋಡಿದರು. ಬೆರಳು ಜೋಡಣೆಯ ಗುಂಟ ಹೋಗಿ ನೀಲಿ ಚೌಕದ ಮೇಲೆ ನಿಂತಿತು. ಇವರಿಗೆ ನೋವಾಗಿದೆ ಎಂದು ಮುಖವೇ ಹೇಳುತ್ತಿತ್ತು. ತಮ್ಮನಿಗಾಗಿ ಅವರು ಎಷ್ಟು ದಿನ ಯೋಚಿಸಿ ಆ ಹಸಿರು ಆರಿಸಿದ್ದರೋ.

ಕೊನೆಗೆ ಹೇಳಿದರು: "ಒಲ್ಲೆ ಅನ್ನಾಕ ಇಷ್ಟು ಚಂದ ಹೊಲಿದಾಕಿ ನೀನೊಬ್ಬಾಕಿನ ಇರಬೇಕು ನೋಡು."

"ಹೂಂ ಅನ್ನೂದಿದ್ರ ಇಷ್ಟು ಚಂದ ಹೊಲಿತಿದ್ದಿಲ್ರಿ. ಹೆಂಗೂ ನಿಮ್ಮ ಮನಿಗೇ ಬರ್ತಿದ್ನೆಲ್ಲ" ಎಂದರು ಅಕ್ಕ.

ಇಬ್ಬರೂ ನಕ್ಕರು, ಬಾಯಾರ ಕಣ್ಣು ಮಾತ್ರ ಒದ್ದೆಯಾಗಿತ್ತು. "ಹಿಟ್ಟಿಗೆ ಬರೂದು ಬಿಡಬ್ಯಾಡ ಮತ್ತ" ಎಂದರು.

"ಯಾಕ ಬಿಡ್ಲಿ? ನಿಮ್ಮ ಗಿರಣಿ ಹಿಟ್ಟಿನಷ್ಟು ಸಣ್ಣ ಎಲ್ಲೂ ಬರೂದಿಲ್ಲ."

ಹೊರಡಲು ಎದ್ದಾಗ ಬಾಯಾರು ಒಳಗೆ ಹೋಗಿ ಮೊರ ತಂದರು. ಅಕ್ಕಿ, ಒಂದು ಬಟ್ಟಲು ಕೊಬ್ಬರಿ, ಎಲೆ. "ಸೆರಗು ಒಡ್ಡು."

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಆರು ವರ್ಷದಿಂದ ಅವರ ಉಡಿಯನ್ನು ಯಾರೂ ತುಂಬಿರಲಿಲ್ಲ. ಓಣಿಯ ಕಾರ್ಯಗಳಲ್ಲಿ ಅವರು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ನಾನು ನೋಡಿದ್ದೆ. "ನನಗೇನ್ರೀ ಬಾಯಾರ? ಅದೂ ಒಲ್ಲೆ ಅಂದಾಕಿಗೆ?"

"ನಮ್ಮ ಮನಿಗೆ ಬಂದಾಕಿ ಖಾಲಿ ಹೋಗಬಾರದು. ಅದು ಬ್ಯಾರೆ, ಇದು ಬ್ಯಾರೆ. ಬೇಕಾದ್ರ ಇದನ್ನೂ ಒಲ್ಲೆ ಅನ್ನು, ಇನ್ನೊಂದು ಎಂಟು ದಿನ ಕೊಡ್ತೀನಿ."

ಅಕ್ಕ ಸೆರಗಿನ ತುದಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದರು. ಬಾಯಾರು ಐದು ಸಲ ಬೊಗಸೆ ತುಂಬಿ ಸುರಿದರು. ಮರಳುವಾಗ ಓಣಿಯ ತಿರುವು ದಾಟಿದ ಮೇಲೆ ಹಿಂದೆ ಗಿರಣಿ ಮತ್ತೆ ಶುರುವಾಯಿತು. ಅಕ್ಕ ತಿರುಗಿ ನೋಡಲಿಲ್ಲ, ಆದರೆ ಆ ಸದ್ದು ಕೇಳುವವರೆಗೂ ಅವರ ನಡಿಗೆ ನಿಧಾನವಾಗಿಯೇ ಇತ್ತು.

ಉಳಿದ ಕೌದಿಗಳ ಕೆಲಸ ಸರಾಗವಾಗಿ ಸಾಗಿತು. ಒಂಬತ್ತನೆಯದನ್ನು ಅಕ್ಕ ಮತ್ತೆ ಮೊದಲಿನಿಂದ ಹೊಲಿದರು. ಆಯಿ ಅಡಿಕೆಗೆ ಮರಳಿದರು, ತಮ್ಮ ಸಂಚಿಯದಕ್ಕೆ ಮಾತ್ರ. ಮತ ಹಾಕಿದ ಸೊಸೆಯಂದಿರು ಸೋತೆವೆಂದು ಒಂದು ದಿನ ಎಲ್ಲರಿಗೂ ಮಿರ್ಚಿ ತಂದರು. ಎರಡೂ ಬರೆಸಿದ್ದ ಆಯಿ ತಾವೊಬ್ಬರೇ ಗೆದ್ದೆವೆಂದು ಎರಡು ಹೆಚ್ಚು ತಿಂದರು. ನಾನು ಕೊಂಡ ಹೊಸ ಖಣ ಕಪಾಟಿನಲ್ಲೇ ಇದೆ. ಅದಕ್ಕೆ ಸಂಖ್ಯೆ ಹಾಕಿಲ್ಲ.

ಐವತ್ತೊಂದನೆಯ ದಿನ, ಮೇಲ್ವಿಚಾರಕಿ ಕೊಟ್ಟ ಆರು ದಿನದ ಕೊನೆಯದರಂದು, ಹದಿನೆಂಟನೆಯ ಕೌದಿ ಮುಗಿಯಿತು. ಕೊನೆಯ ಮೂಲೆ ತೆರೆದಿತ್ತು. ನಾನು ಡಬ್ಬಿಯಿಂದ ಅಕ್ಕಿ ತರಲು ಎದ್ದೆ. ಅಕ್ಕ ಕೈ ಹಿಡಿದು ಕೂರಿಸಿ, ಸೊಂಟದ ಚೀಲದಿಂದ ಒಂದು ಸಣ್ಣ ಗಂಟು ಬಿಚ್ಚಿದರು. ಬಾಯಾರ ಅಕ್ಕಿ. ಉಳಿದದ್ದನ್ನು ತಾಯಿ ಮಗಳು ಅನ್ನ ಮಾಡಿ ಉಂಡಿದ್ದರಂತೆ, ಇದಿಷ್ಟನ್ನು ತೆಗೆದಿಟ್ಟಿದ್ದರು. ಐದು ಕಾಳು ಎಣಿಸಿ ಒಳಗೆ ಹಾಕಿ ಮೂಲೆ ಮುಚ್ಚಿದರು.

ನಾನು ಪುಸ್ತಕ ತೆರೆದು 143ನೆಯ ಸಾಲಿಗೆ ಬಂದೆ. ಪ್ರಶ್ನಾರ್ಥಕ ಚಿಹ್ನೆ ಅಳಿಸಿ, ಕೊಟ್ಟ ಮನೆ: ಗಿರಣಿ ಬಾಯಾರು ಎಂದು ಬರೆದೆ. ಕೊನೆಯ ಕಾಲಮ್ಮಿನಲ್ಲಿ ಆರನ್ನು ಉಳಿಸಿ, ಒಂಬತ್ತು, ಹತ್ತನ್ನು ಹೊಡೆದುಹಾಕಿ ಪೆನ್ನು ಹಿಡಿದು ಕುಳಿತೆ.

"ಇಲ್ಲೇನು ಬರೀಲಿ ಅಕ್ಕ? ಎಲ್ಲಿ ಹೋತು ಅಂತ?"

ಅವರು ದಾರ ಹಲ್ಲಿನಿಂದ ಕಡಿದು, ಕೌದಿಯನ್ನು ಒಮ್ಮೆ ಕೊಡವಿ ಮಡಿಚಿದರು.

"ನಾ ಒಯ್ದು ಕೊಟ್ಟೆ ಅಂತ ಬರಿ" ಎಂದರು. "ನಾನ, ನನ್ನ ಕೈಯಾರ."

ಹಾಗೆಯೇ ಬರೆದಿದ್ದೇನೆ.